ಮಗುವಿನ ತಪ್ಪೂ ಯಂತ್ರದ ಉತ್ತರವೂ

ಪ್ರೌಢಶಾಲೆಯಲ್ಲಿ ಬೀಜಗಣಿತವನ್ನು ಬೋಧಿಸಿದ ಉಪಾಧ್ಯಾಯರೆಲ್ಲರೂ ಬಲ್ಲ ಒಂದು ತಪ್ಪುಂಟು. ಎ ಮತ್ತು ಬಿ ಎಂಬ ಎರಡು ರಾಶಿಗಳನ್ನು ಕೂಡಿ ಆ ಮೊತ್ತದ ವರ್ಗವನ್ನು ಬರೆಯಿರೆಂದರೆ, ತರಗತಿಯ ಅನೇಕ ಮಕ್ಕಳು ಎ ವರ್ಗ, ಬಿ ವರ್ಗ ಎಂದು ಬರೆದು ಅಲ್ಲಿಗೇ ನಿಲ್ಲಿಸುತ್ತಾರೆ. ನಡುವೆ ಇರಬೇಕಾದ ಎರಡು ಎಬಿ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಸೂತ್ರವನ್ನು ಮತ್ತೊಮ್ಮೆ ಹಲಗೆಯ ಮೇಲೆ ಬರೆದು, ಹತ್ತು ಸಲ ಬರೆಸಿ, ಕಂಠಪಾಠ ಮಾಡಿಸಿದರೂ ಮುಂದಿನ ಪರೀಕ್ಷೆಯಲ್ಲಿ ಅದೇ ತಪ್ಪು ಮರಳಿ ಬರುತ್ತದೆ. ಅನುಭವವುಳ್ಳ ಉಪಾಧ್ಯಾಯರು ಇಂತಹ ಸಂದರ್ಭದಲ್ಲಿ ಸೂತ್ರವನ್ನು ಸ್ವಲ್ಪ ಹೊತ್ತು ಮರೆತು, 7 ಮಾನ ಉದ್ದದ ಬಾಹುಗಳುಳ್ಳ ಒಂದು ಚೌಕವನ್ನು ಹಲಗೆಯ ಮೇಲೆ ಬರೆದು, ಪ್ರತಿ ಬಾಹುವನ್ನೂ 3 ಮತ್ತು 4 ಎಂದು ವಿಭಾಗಿಸಿ, ಅಡ್ಡಗೆರೆ ಉದ್ದಗೆರೆಗಳನ್ನೆಳೆದು, 9ರ ಚೌಕವೂ 16ರ ಚೌಕವೂ ಕೂಡಿ 25 ಆದುವಷ್ಟೆ, 7ರ ವರ್ಗವಾದರೋ 49, ಹಾಗಿದ್ದ ಮೇಲೆ ಉಳಿದ 24 ಎಲ್ಲಿ ಹೋಯಿತು ಎಂದು ಕೇಳಿ, ಉತ್ತರವನ್ನು ತಾವು ಹೇಳದೆ ಕಾಯುತ್ತಾರೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುಬಂದು, ಎರಡು ಮೂಲೆಗಳಲ್ಲಿ ಅಡಗಿದ್ದ 12ರ ಎರಡು ಆಯತಗಳ ಮೇಲೆ ತಾನಾಗಿಯೇ ಬೆರಳಿಟ್ಟಾಗ, ಆ ಹಿಂದೆ ಹತ್ತು ಸಲ ಬರೆದರೂ ಬಾರದಿದ್ದ ಅರಿವು ಅವಳಲ್ಲಿ ನೆಲೆಗೊಳ್ಳುತ್ತದೆ.

ಕೃತಕ ಬುದ್ಧಿಮತ್ತೆಯ ವಿಚಾರವನ್ನು ಚೌಕದ ಚಿತ್ರದಿಂದ ಆರಂಭಿಸಲು ಕಾರಣವುಂಟು. ಓಪನ್‌ಎಐ ಎಂಬ ಅಮೆರಿಕದ ಸಂಸ್ಥೆ 2022ರ ನವೆಂಬರ್ 30ರಂದು ಚಾಟ್‌ಜಿಪಿಟಿಯನ್ನು ಲೋಕದ ಮುಂದಿರಿಸಿದ ತರುವಾಯ, ಅಂತಹ ಯಂತ್ರಗಳನೇಕವು ನಮ್ಮ ಮನೆಗಳ ಮೊಬೈಲುಗಳನ್ನು ಪ್ರವೇಶಿಸಿರುವುದರಿಂದ, ಮೇಲಿನ ಲೆಕ್ಕವನ್ನು ಯಾವ ಮಗುವಾದರೂ ಕನ್ನಡದಲ್ಲಿಯೇ ಕೇಳಿ, ಮಧ್ಯಪದವೂ ಸೇರಿದ ನಿರ್ದುಷ್ಟವಾದ ಉತ್ತರವನ್ನು ಕ್ಷಣಮಾತ್ರದಲ್ಲಿ ಪಡೆಯಬಹುದಾಗಿದೆ. ಉತ್ತರವೇನೋ ಸರಿಯಾಯಿತು, ಆದರೆ ಮಗುವಿನ ಮನಸ್ಸಿನೊಳಗಿನ ತಪ್ಪು ಇದ್ದಲ್ಲಿಯೇ ಇದ್ದು, ಯಾರ ದೃಷ್ಟಿಗೂ ಬೀಳದಂತೆ ಸರಿಯಾದ ಬರಹದ ಹಿಂದೆ ಮರೆಯಾಗಿಬಿಟ್ಟಿತು. ನ್ಯೂಯಾರ್ಕ್ ನಗರದ ಸಾರ್ವಜನಿಕ ಶಾಲೆಗಳು 2023ರ ಜನವರಿಯಲ್ಲಿ ಚಾಟ್‌ಜಿಪಿಟಿಯನ್ನು ನಿಷೇಧಿಸಿ, ಅದೇ ವರ್ಷದ ಮೇ ತಿಂಗಳಲ್ಲಿ ಆ ನಿಷೇಧವನ್ನು ಹಿಂತೆಗೆದುಕೊಂಡುವು. ನಿಷೇಧವೋ ಸ್ವಾಗತವೋ ಎಂಬ ಆ ವಾದದಲ್ಲಿ ಬಹುಕಾಲ ತೊಡಗಿರುವುದರಿಂದ ಉಪಾಧ್ಯಾಯರಿಗೆ ಪ್ರಯೋಜನವಿಲ್ಲವೆಂದು ನನ್ನ ಅಭಿಪ್ರಾಯ. ಕೇಳತಕ್ಕ ಪ್ರಶ್ನೆ ಬೇರೊಂದುಂಟು: ಮಗು ತಪ್ಪಿನಿಂದ ಅರಿವಿನ ಕಡೆಗೆ ನಡೆಯುವ ಆ ದಾರಿಯಲ್ಲಿ ಯಂತ್ರವನ್ನು ಎಲ್ಲಿ ನಿಲ್ಲಿಸಬೇಕು?

ಈ ಪ್ರಶ್ನೆಗೆ ಬೆಳಕು ಚೆಲ್ಲುವ ಪ್ರಯೋಗವೊಂದು ತುರ್ಕಿ ದೇಶದ ಪ್ರೌಢಶಾಲೆಯೊಂದರಲ್ಲಿ 2023ರಲ್ಲಿ ನಡೆಯಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ಮುಂದೆ ನಿಂತು ನಡೆಸಿದ ಆ ಪ್ರಯೋಗದಲ್ಲಿ 9, 10 ಮತ್ತು 11ನೆಯ ತರಗತಿಗಳ ಸುಮಾರು ಒಂದು ಸಾವಿರ ವಿದ್ಯಾರ್ಥಿಗಳು ಭಾಗವಹಿಸಿದ್ದರು. ಅದರ ಫಲಿತಾಂಶ 2025ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಕ್ಕಳನ್ನು ಮೂರು ಪಂಗಡಗಳಾಗಿ ವಿಂಗಡಿಸಿ, ಒಂದು ಪಂಗಡಕ್ಕೆ ಪಠ್ಯಪುಸ್ತಕವನ್ನೂ ಟಿಪ್ಪಣಿಗಳನ್ನೂ ಮಾತ್ರ ಕೊಟ್ಟರು; ಎರಡನೆಯದಕ್ಕೆ ಜಿಪಿಟಿ-4 ಎಂಬ ಯಂತ್ರವನ್ನು ಯಾವ ಕಟ್ಟುಪಾಡೂ ಇಲ್ಲದೆ ಕೊಟ್ಟರು; ಮೂರನೆಯದಕ್ಕೂ ಅದೇ ಯಂತ್ರವನ್ನೇ ಕೊಟ್ಟರಾದರೂ, ಉತ್ತರವನ್ನು ನೇರವಾಗಿ ಹೇಳಕೂಡದು, ಸುಳಿವುಗಳನ್ನು ಮಾತ್ರ ಕೊಡತಕ್ಕದ್ದು ಎಂದು ಅದಕ್ಕೆ ವಿಧಿಸಿದ್ದರು. ಅಭ್ಯಾಸದ ಲೆಕ್ಕಗಳನ್ನು ಮಾಡುವಾಗ, ಯಂತ್ರವಿಲ್ಲದವರಿಗಿಂತ ಎರಡನೆಯ ಪಂಗಡದವರು ನೂರಕ್ಕೆ 48ರಷ್ಟೂ ಮೂರನೆಯ ಪಂಗಡದವರು ನೂರಕ್ಕೆ 127ರಷ್ಟೂ ಮೇಲಾಗಿದ್ದರು. ಅನಂತರ ಪುಸ್ತಕವನ್ನೂ ಯಂತ್ರವನ್ನೂ ತೆಗೆದಿರಿಸಿ ಪರೀಕ್ಷೆ ಮಾಡಿದಾಗಲಾದರೋ, ಕಟ್ಟುಪಾಡಿಲ್ಲದ ಯಂತ್ರವನ್ನು ಬಳಸಿದವರು, ಯಂತ್ರವನ್ನು ಕಾಣದೆಯೇ ಕಲಿತವರಿಗಿಂತ ನೂರಕ್ಕೆ 17ರಷ್ಟು ಹಿಂದೆ ಬಿದ್ದರು. ಸುಳಿವುಗಳ ಯಂತ್ರವನ್ನು ಬಳಸಿದವರಿಗೆ ಈ ನಷ್ಟ ಬಹುಮಟ್ಟಿಗೆ ತಪ್ಪಿತು. ಆದರೆ ಪುಸ್ತಕದಿಂದ ಕಲಿತವರಿಗಿಂತ ಅವರು ಮುಂದೆಯೂ ಹೋಗಲಿಲ್ಲ.

ಈ ಪ್ರಯೋಗದ ಎರಡು ವಿವರಗಳು ಅಂಕಿಗಳಿಗಿಂತಲೂ ಹೆಚ್ಚಾಗಿ ನನ್ನನ್ನು ಯೋಚನೆಗೆ ಹಚ್ಚಿವೆ. ಮೊದಲನೆಯದು, ಪರೀಕ್ಷೆಯಲ್ಲಿ ಹಿಂದೆ ಬಿದ್ದ ಆ ಮಕ್ಕಳಿಗೆ ತಾವು ಹಿಂದೆ ಬಿದ್ದೆವೆಂಬ ಅರಿವೇ ಇರಲಿಲ್ಲವೆಂಬುದು. ಕಲಿತಿಲ್ಲವೆಂದು ಬಲ್ಲ ಮಗು ಕೇಳುತ್ತದೆ, ಓದುತ್ತದೆ, ಪಕ್ಕದ ಗೆಳತಿಯ ಪುಸ್ತಕವನ್ನಾದರೂ ಇಣುಕಿ ನೋಡುತ್ತದೆ. ಕಲಿತಿದ್ದೇನೆಂಬ ತೃಪ್ತಿಯಲ್ಲಿ ಕುಳಿತ ಮಗುವಿಗೆ ಯಾವ ಉಪಾಧ್ಯಾಯನೂ ಸುಲಭವಾಗಿ ನೆರವಾಗಲಾರನು. ಎರಡನೆಯ ವಿವರ ಇದಕ್ಕಿಂತ ಮಹತ್ತ್ವದ್ದು, ಮತ್ತು ಈ ಪ್ರಯೋಗವನ್ನು ಕುರಿತು ನಡೆಯುವ ಚರ್ಚೆಗಳಲ್ಲಿ ಅಷ್ಟಾಗಿ ಪ್ರಸ್ತಾಪವಾಗದೆ ಉಳಿಯುವಂತಹದು. ಸುಳಿವುಗಳನ್ನು ಕೊಡುವ ಆ ಯಂತ್ರಕ್ಕೆ ಪ್ರತಿಯೊಂದು ಲೆಕ್ಕದ ವಿಷಯದಲ್ಲಿಯೂ ಸರಿಯಾದ ಉತ್ತರ ಯಾವುದು, ಮಕ್ಕಳು ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ, ಎಡವಿದಾಗ ಅವರಿಗೆ ಯಾವ ಮಾತು ಹೇಳಿದರೆ ದಾರಿ ಕಂಡೀತು ಎಂಬುದನ್ನು ಉಪಾಧ್ಯಾಯರೇ ಮೊದಲು ಬರೆದುಕೊಟ್ಟಿದ್ದರು. ಅದಿಲ್ಲದೆ ನಡೆದ ಎರಡನೆಯ ಪಂಗಡದ ಯಂತ್ರವಾದರೋ ಆ ಲೆಕ್ಕಗಳಿಗೆ ಸರಿಯುತ್ತರ ಕೊಟ್ಟದ್ದು ಸುಮಾರು ಅರ್ಧದಷ್ಟು ಸಲ ಮಾತ್ರ. ಆದಕಾರಣ ಒಂದೇ ಯಂತ್ರ ಒಂದೆಡೆ ಹಾನಿಕರವೂ ಮತ್ತೊಂದೆಡೆ ನಿರಪಾಯಕರವೂ ಆದುದಕ್ಕೆ ಕಾರಣವನ್ನು ಯಂತ್ರದಲ್ಲಿ ಹುಡುಕಬೇಕಾಗಿಲ್ಲ. ಮಗುವಿನ ತಪ್ಪನ್ನು ಬಲ್ಲ ಉಪಾಧ್ಯಾಯರ ಜ್ಞಾನ ಅದರ ಮೇಲೆ ಅಧಿಕಾರ ನಡೆಸಿತೋ ಇಲ್ಲವೋ ಎಂಬುದರಲ್ಲಿ ಆ ಕಾರಣವಿದೆ.

ಬೋಧಿಸುವ ಯಂತ್ರದ ಕನಸು ಹೊಸದಲ್ಲ. ಬಿ. ಎಫ್. ಸ್ಕಿನ್ನರ್ ಎಂಬ ಮನೋವಿಜ್ಞಾನಿ 1950ರ ದಶಕದಲ್ಲಿಯೇ ಅಂತಹದೊಂದನ್ನು ರೂಪಿಸಿದ್ದನು. ಒಬ್ಬ ವಿದ್ಯಾರ್ಥಿಗೆ ಒಬ್ಬ ಗುರುವಿದ್ದರೆ ಕಲಿಕೆ ಎಷ್ಟು ಮೇಲೇರಬಲ್ಲುದೆಂದು ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದ ಪ್ರಸಿದ್ಧ ಲೇಖನದ ಆಶೋತ್ತರವೇ ಇಂದಿನ ಯಂತ್ರಗಳ ಪ್ರಚಾರದ ಮಾತುಗಳಲ್ಲಿಯೂ ಪ್ರತಿಧ್ವನಿಸುತ್ತಿದೆ. ಬ್ಲೂಮನು ಹೇಳಿದಷ್ಟು ದೊಡ್ಡ ಲಾಭ ಅನಂತರದ ಅಧ್ಯಯನಗಳಲ್ಲಿ ಕಂಡುಬರಲಿಲ್ಲವೆಂಬುದನ್ನು ಆ ಪ್ರಚಾರಕರು ಹೇಳುವುದಿಲ್ಲ.

ಇಷ್ಟಾದರೂ, ನಮ್ಮ ಸರ್ಕಾರಿ ಶಾಲೆಗಳ ಉಪಾಧ್ಯಾಯರ ದಿನಚರಿಯನ್ನು ಬಲ್ಲವರು ಈ ಯಂತ್ರದ ನೆರವನ್ನು ತಳ್ಳಿಹಾಕಲಾರರು. ಪಾಠ ಯೋಜನೆ, ರೂಪಣಾತ್ಮಕ ಮೌಲ್ಯಮಾಪನದ ದಾಖಲೆ, ಪ್ರಶ್ನೆಪತ್ರಿಕೆಯ ನೀಲನಕ್ಷೆ, ಬಿಸಿಯೂಟದ ಲೆಕ್ಕ, ಆನ್‌ಲೈನಿನಲ್ಲಿ ತುಂಬಬೇಕಾದ ಮಾಹಿತಿ, ಎಸ್‌ಡಿಎಂಸಿ ಸಭೆಯ ನಡಾವಳಿ, ಇವೆಲ್ಲದರ ನಡುವೆ ನಾಳೆಯ ಪಾಠವನ್ನು ಕುರಿತು ಚಿಂತಿಸಲು ಉಳಿಯುವ ವೇಳೆ ಅತ್ಯಲ್ಪ. ಒಬ್ಬರೇ ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಹೇಳುವ ಹಳ್ಳಿಯ ಶಾಲೆಗಳಲ್ಲಂತೂ ಅದೂ ಇಲ್ಲ. ಬೆಂಗಳೂರಿನಲ್ಲಿರುವ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರವೂ, ರಾಜ್ಯದ ಸರ್ಕಾರಿ ಶಾಲೆಗಳೊಡನೆ ಕೆಲಸ ಮಾಡುತ್ತಿರುವ ಶಿಕ್ಷಣ ಫೌಂಡೇಶನ್ ಎಂಬ ಸಂಸ್ಥೆಯೂ ಕೂಡಿ 2023ರಲ್ಲಿ ಕರ್ನಾಟಕದ ಕೆಲವು ಶಾಲೆಗಳಲ್ಲಿ ಆರಂಭಿಸಿದ ಶಿಕ್ಷಾ ಕೋಪೈಲಟ್ ಎಂಬ ಸಾಧನ ಈ ಕಷ್ಟವನ್ನು ಪರಿಹರಿಸಲು ಉದ್ದೇಶಿಸಿದ್ದು. ಅದು ಪಠ್ಯಪುಸ್ತಕವನ್ನು ಆಧಾರವಾಗಿಟ್ಟುಕೊಂಡು ಪಾಠ ಯೋಜನೆಯನ್ನೂ ಚಟುವಟಿಕೆಗಳನ್ನೂ ಸಿದ್ಧಪಡಿಸಿಕೊಡುತ್ತದೆ. ಅದನ್ನು ತಿದ್ದಿ, ತಮ್ಮ ತರಗತಿಗೆ ಹೊಂದಿಸಿಕೊಳ್ಳುವುದು ಉಪಾಧ್ಯಾಯರಿಗೆ ಬಿಟ್ಟದ್ದು. ಯಂತ್ರ ಮಗುವಿನ ಕೈಯಲ್ಲಿರದೆ ಉಪಾಧ್ಯಾಯರ ಮೇಜಿನ ಮೇಲಿರುವ ಈ ಏರ್ಪಾಡು ನನಗೆ ಔಚಿತ್ಯಪೂರ್ಣವಾಗಿ ತೋರುತ್ತದೆ.

ಆದರೆ ಇಲ್ಲಿಯೂ ಒಂದು ಎಚ್ಚರ ಬೇಕು. ಪಾಠ ಯೋಜನೆಯೆಂಬುದು ತನಿಖೆಗೆ ಬಂದವರಿಗೆ ತೋರಿಸಲು ಇರುವ ಕಾಗದವೆಂದಾದರೆ ಅದನ್ನು ಯಂತ್ರವೇ ಬರೆಯಲಿ, ಯಾರ ಆಕ್ಷೇಪವೂ ಇರಬೇಕಾಗಿಲ್ಲ. ನಾಳೆ ಮಗುವಿನ ಮನಸ್ಸು ಎಲ್ಲಿ ತೊಡರೀತು ಎಂದು ಇಂದು ರಾತ್ರಿ ಊಹಿಸುವ ಕಾರ್ಯವೇ ಪಾಠ ಯೋಜನೆಯಾದಲ್ಲಿ, ಆ ಊಹೆಯನ್ನು ಪರಾಧೀನ ಮಾಡಿದ ಉಪಾಧ್ಯಾಯರು ತರಗತಿಗೆ ಬರಿಗೈಯಲ್ಲಿ ಹೋದಂತೆಯೇ ಸರಿ. ಯಂತ್ರವನ್ನು ತೆರೆಯುವ ಮುನ್ನ, ಈ ಪಾಠದಲ್ಲಿ ನನ್ನ ಮಕ್ಕಳು ಮಾಡಬಹುದಾದ ಎರಡು ಮೂರು ತಪ್ಪುಗಳು ಯಾವುವು ಎಂಬುದನ್ನು ತಾವೇ ಒಂದು ಚೀಟಿಯಲ್ಲಿ ಬರೆದುಕೊಳ್ಳುವ ಅಭ್ಯಾಸವನ್ನು ಉಪಾಧ್ಯಾಯರು ಇರಿಸಿಕೊಂಡರೆ, ಆಮೇಲೆ ಯಂತ್ರಕ್ಕೆ ಹೇಳುವ ಕೆಲಸವೂ ಖಚಿತವಾಗುತ್ತದೆ. ದಶಮಾಂಶದ ಪಾಠ ಮಾಡಿಕೊಡು ಎಂದು ಕೇಳಿದರೆ ಎಲ್ಲ ಊರಿಗೂ ಸಲ್ಲುವ, ಯಾವ ಊರಿಗೂ ವಿಶೇಷವಾಗಿ ಸಲ್ಲದ ಪಾಠವೊಂದು ಬರುತ್ತದೆ. 35 ಎಂಬುದು 4ಕ್ಕಿಂತ ದೊಡ್ಡದಾದ್ದರಿಂದ 0.35 ಎಂಬುದು 0.4ಕ್ಕಿಂತ ದೊಡ್ಡದೆಂದು ನನ್ನ ತರಗತಿಯ ಮಕ್ಕಳು ಭಾವಿಸುತ್ತಾರೆ, ಈ ಭಾವನೆಯುಳ್ಳ ಮಗು ಖಂಡಿತವಾಗಿಯೂ ಎಡವುವಂತಹ ಹತ್ತು ಲೆಕ್ಕಗಳನ್ನು ಹಾಲಿನ ಡೇರಿಯ ಜಿಡ್ಡಿನಂಶದ ಅಳತೆಯನ್ನು ಆಧರಿಸಿ ರಚಿಸು ಎಂದು ಕೇಳಿದರೆ, ಯಂತ್ರ ನಿಜವಾಗಿಯೂ ಉಪಯುಕ್ತವಾದ ಸಾಮಗ್ರಿಯನ್ನು ಒದಗಿಸಬಲ್ಲುದು. ಗಿಡಗಳು ಹಗಲಿನಲ್ಲಿ ಆಹಾರ ತಯಾರಿಸಿ ರಾತ್ರಿಯಲ್ಲಿ ಮಾತ್ರ ಉಸಿರಾಡುತ್ತವೆಂಬ ವಿಪರೀತ ಗ್ರಹಿಕೆಯನ್ನು ಕುರಿತೂ ಹೀಗೆಯೇ ಪ್ರಶ್ನೆಗಳನ್ನು ಬರೆಸಿಕೊಳ್ಳಬಹುದು. ಬರೆಸಿಕೊಂಡದ್ದನ್ನು ಒಂದೊಂದಾಗಿ ಪರಿಶೀಲಿಸದೆ ಹಲಗೆಗೆ ಒಯ್ಯಕೂಡದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮಕ್ಕಳ ಬಳಕೆಯ ವಿಷಯದಲ್ಲಿ ಅನುಕ್ರಮವೇ ಪ್ರಧಾನವೆಂದು ನಾನು ತಿಳಿದಿದ್ದೇನೆ: ಮೊದಲು ಮಗುವಿನ ಯತ್ನ, ತರುವಾಯ ಯಂತ್ರ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಲು ಹೆಣಗಿದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಅವರನ್ನು ಹಿಂದೆ ಹಾಕಿದರು. ಹೆಣಗಾಟವೇ ಕಲಿಕೆಯ ಜೀವಾಳವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ದುರ್ಲಭ. ಪ್ರಬಂಧವನ್ನು ಯಂತ್ರದಿಂದ ಬರೆಸಿ ನಕಲು ಮಾಡುವ ಮಗು ಈ ಹೆಣಗಾಟದಿಂದ ವಂಚಿತವಾಗುತ್ತದೆ. ತಾನು ಬರೆದ ಪ್ರಬಂಧವನ್ನು ಯಂತ್ರಕ್ಕೆ ತೋರಿಸಿ, ನನ್ನ ವಾದದಲ್ಲಿ ಎಲ್ಲಿ ಬಿರುಕಿದೆ, ಪ್ರಶ್ನೆಗಳನ್ನು ಮಾತ್ರ ಕೇಳು ಎಂದು ಅದರೊಡನೆ ವಾದಿಸುವ ಮಗುವಿಗೆ ಆ ಹೆಣಗಾಟ ಇಮ್ಮಡಿಯಾಗುತ್ತದೆ.

ಇನ್ನು ನಮ್ಮ ಭಾಷೆಯ ವಿಷಯ. ಈ ಯಂತ್ರಗಳು ಬರಹವನ್ನು ನಾವು ಓದುವಂತೆ ಅಕ್ಷರ ಅಕ್ಷರವಾಗಿ ಓದುವುದಿಲ್ಲ; ಟೋಕನ್ ಎಂದು ಕರೆಯುವ ತುಣುಕುಗಳಾಗಿ ಅದನ್ನು ಒಡೆದು, ಹಿಂದಿನ ತುಣುಕುಗಳ ಆಧಾರದಿಂದ ಮುಂದಿನ ತುಣುಕು ಯಾವುದಿದ್ದೀತೆಂದು ಊಹಿಸುತ್ತ ಸಾಗುತ್ತವೆ. ಇಂಗ್ಲಿಷಿನ ಸಾಮಾನ್ಯ ಪದವೊಂದು ಒಂದೆರಡು ತುಣುಕುಗಳಲ್ಲಿ ಅಡಕವಾದರೆ, ವಿಭಕ್ತಿಪ್ರತ್ಯಯಗಳೂ ಒತ್ತಕ್ಷರಗಳೂ ಕೂಡಿದ ನಮ್ಮ ಪದ ಅನೇಕ ತುಣುಕುಗಳಾಗಿ ಸೀಳಿಹೋಗುತ್ತದೆ; ಅಲ್ಲದೆ ಯಂತ್ರವನ್ನು ತರಬೇತುಗೊಳಿಸಿದ ಬರಹದ ರಾಶಿಯಲ್ಲಿ ಕನ್ನಡದ ಪಾಲು ಬಹು ಸಣ್ಣದು. ಆದಕಾರಣ ಅದರ ಕನ್ನಡ ಹಲವು ವೇಳೆ ಹೊರನೋಟಕ್ಕೆ ಸುಲಲಿತವಾಗಿದ್ದು ಒಳಗೆ ಪೊಳ್ಳಾಗಿರುವುದುಂಟು. ಹಳಗನ್ನಡದ ಪದ್ಯವನ್ನು ಕೊಟ್ಟು ಅರ್ಥ ಕೇಳಿದರೆ ಇಲ್ಲದ ಅರ್ಥವನ್ನು ಧೈರ್ಯದಿಂದ ಹೇಳುವುದೂ ಉಂಟು.

ಈ ದೌರ್ಬಲ್ಯವನ್ನೇ ಕನ್ನಡ ಉಪಾಧ್ಯಾಯರು ಪಾಠದ ಸಾಮಗ್ರಿಯನ್ನಾಗಿ ಮಾಡಿಕೊಳ್ಳಬಹುದೆಂದು ನಾನು ಸೂಚಿಸುತ್ತೇನೆ. ಭಾಮಿನಿ ಷಟ್ಪದಿಯ ಲಕ್ಷಣವನ್ನು ನಮ್ಮ ಮಕ್ಕಳು ಕಂಠಪಾಠ ಮಾಡುತ್ತಾರೆ: ಆರು ಪಾದಗಳು; 1, 2, 4, 5ನೆಯ ಪಾದಗಳಲ್ಲಿ ಮೂರು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬಂದು 14 ಮಾತ್ರೆ; 3 ಮತ್ತು 6ನೆಯ ಪಾದಗಳಲ್ಲಿ ಅದೇ ನಡೆ ಮುಂದುವರಿದು ಕೊನೆಗೊಂದು ಗುರು ಸೇರಿ 23 ಮಾತ್ರೆ; ಆರೂ ಪಾದಗಳಿಗೆ ಆದಿಪ್ರಾಸ. ಇದನ್ನು ಪರೀಕ್ಷೆಗಾಗಿ ಒಪ್ಪಿಸಿ ಮರೆಯುವುದೇ ವಾಡಿಕೆ. ಅದರ ಬದಲು, ತಮ್ಮ ಊರಿನ ಕೆರೆಯನ್ನೋ ಜಾತ್ರೆಯನ್ನೋ ಕುರಿತು ಭಾಮಿನಿ ಷಟ್ಪದಿಯೊಂದನ್ನು ರಚಿಸೆಂದು ಉಪಾಧ್ಯಾಯರು ತರಗತಿಯ ಎದುರಿನಲ್ಲಿಯೇ ಯಂತ್ರವನ್ನು ಕೇಳಿ, ಅದು ಕೊಟ್ಟ ಪದ್ಯವನ್ನು ಹಲಗೆಯ ಮೇಲೆ ಬರೆದು, ಪ್ರಸ್ತಾರ ಹಾಕಿರೆಂದು ಮಕ್ಕಳಿಗೆ ಹೇಳಲಿ. ಮಾತ್ರೆ ಎಣಿಸುವುದು ಯಂತ್ರಕ್ಕೆ ಕಷ್ಟದ ಕೆಲಸ. ಅಕ್ಷರವೇ ಅದಕ್ಕೆ ಇಡಿಯಾಗಿ ಕಾಣದಿರುವಾಗ ಒತ್ತಕ್ಷರದ ಹಿಂದಿನ ಲಘು ಗುರುವಾಗುವ ಸೂಕ್ಷ್ಮ ಎಲ್ಲಿಂದ ಕಂಡೀತು? ಎರಡನೆಯ ಪಾದದಲ್ಲಿ 16 ಮಾತ್ರೆಯಾಯಿತೆಂದು ಒಬ್ಬ, ಪ್ರಾಸಾಕ್ಷರ ತಪ್ಪಿತೆಂದು ಇನ್ನೊಬ್ಬಳು, ಇಲ್ಲ ಅಲ್ಲಿ ಶಿಥಿಲದ್ವಿತ್ವವಿದ್ದರೆ ಸರಿಯಾದೀತೆಂದು ಮತ್ತೊಬ್ಬ ವಾದಿಸತೊಡಗಿದಾಗ, ಆ ಪದ್ಯವನ್ನು ತಿದ್ದಿ ನೇರ್ಪಡಿಸುವ ಹೊಣೆಯನ್ನು ಮಕ್ಕಳಿಗೇ ಒಪ್ಪಿಸಬಹುದು. ಕುಮಾರವ್ಯಾಸನು ಅಷ್ಟು ದೊಡ್ಡ ಕಥೆಯನ್ನು ಆ ಛಂದಸ್ಸಿನಲ್ಲಿ ಅನಾಯಾಸವಾಗಿ ನಡೆಸಿದ್ದರ ವಿಸ್ಮಯವೂ ಅವರಿಗೆ ಆಗಲೇ ತಿಳಿಯುವುದು. ಇಲ್ಲಿ ತಪ್ಪು ಮಾಡುವ ಪಾತ್ರ ಯಂತ್ರದ್ದು, ತಪ್ಪನ್ನು ಕಂಡುಹಿಡಿಯುವ ಗೌರವ ಮಗುವಿನದು. ಜೊತೆಗೆ, ಇಡೀ ತರಗತಿಗೆ ಒಂದೇ ಮೊಬೈಲು ಸಾಕು. ಮನೆಯಲ್ಲಿ ಇಂಟರ್‌ನೆಟ್ ಇರುವ ಮಗುವಿಗೂ ಇಲ್ಲದ ಮಗುವಿಗೂ ಅಂತರವಿಲ್ಲ.

ಕನ್ನಡದಲ್ಲಿ ಬರೆಯದೆ ಬಿಟ್ಟದ್ದನ್ನು ಯಂತ್ರ ಕನ್ನಡದಿಂದ ಕಲಿಯಲಾರದು. ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನಲ್ಲಿ ಕುಳಿತು ಮಕ್ಕಳಿಗಾಗಿ ಬಾಲ ಪ್ರಪಂಚವೆಂಬ ವಿಶ್ವಕೋಶದ ಮೂರು ಸಂಪುಟಗಳನ್ನು ಒಬ್ಬರೇ ಸಿದ್ಧಪಡಿಸಿದಾಗ, ಲೋಕದ ತಿಳಿವೆಲ್ಲ ಕನ್ನಡದ ಮಗುವಿಗೆ ಕನ್ನಡದಲ್ಲಿಯೇ ದೊರೆಯಬೇಕೆಂಬ ಛಲ ಅವರನ್ನು ನಡೆಸಿತ್ತು. ಆ ಕಾರ್ಯ ಇನ್ನೂ ಮುಗಿದಿಲ್ಲ. ಯಂತ್ರ ಬಂದುದರಿಂದ ಅದರ ಅಗತ್ಯ ಕಡಿಮೆಯಾಗಿಲ್ಲ, ಹೆಚ್ಚಾಗಿದೆ.

ನಕಲಿನ ಭಯವನ್ನು ಕುರಿತು ಒಂದು ಮಾತು ಹೇಳಲೇಬೇಕು. ಮಗುವಿನ ಬರಹ ಯಂತ್ರದ್ದೋ ಸ್ವಂತದ್ದೋ ಎಂದು ಪತ್ತೆ ಮಾಡಿಕೊಡುವುದಾಗಿ ಹೇಳುವ ಸಾಧನಗಳು ಹುಟ್ಟಿಕೊಂಡಿವೆ. ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಅಂತಹದೊಂದನ್ನು ಹೊರತಂದು, ಅದರ ನಿಖರತೆ ಸಾಲದೆಂದು ಜುಲೈ ತಿಂಗಳಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದ ವಿದ್ಯಾರ್ಥಿಗಳು ಟೋಫೆಲ್ ಪರೀಕ್ಷೆಗಾಗಿ ತಾವೇ ಬರೆದ ಪ್ರಬಂಧಗಳನ್ನು ಇಂತಹ ಏಳು ಸಾಧನಗಳಿಗೆ ಕೊಟ್ಟು ನೋಡಲಾಗಿ, ಸರಾಸರಿ ನೂರಕ್ಕೆ 61ರಷ್ಟು ಪ್ರಬಂಧಗಳನ್ನು ಯಂತ್ರದ ಬರಹವೆಂದು ಅವು ತಪ್ಪಾಗಿ ನಿರ್ಣಯಿಸಿದುವು. ಸೀಮಿತವಾದ ಪದಸಂಪತ್ತಿನಿಂದ, ಸರಳವಾದ ವಾಕ್ಯಗಳಿಂದ ಇಂಗ್ಲಿಷ್ ಬರೆಯುವ ನಮ್ಮ ಕನ್ನಡ ಮಾಧ್ಯಮದ ಹುಡುಗನ ಪಾಡು ಈ ಸಾಧನಗಳ ಮುಂದೆ ಏನಾದೀತೆಂದು ಊಹಿಸುವುದು ಕಷ್ಟವಲ್ಲ. ನಿರಪರಾಧಿಯಾದ ಮಗುವಿನ ಮೇಲೆ ಕಳ್ಳತನವನ್ನು ಹೊರಿಸುವುದಕ್ಕಿಂತ ದೊಡ್ಡ ಅನ್ಯಾಯ ತರಗತಿಯಲ್ಲಿ ಬೇರೊಂದಿಲ್ಲ. ಸಂಶಯ ಬಂದ ಉಪಾಧ್ಯಾಯರಿಗೆ ಉಳಿದಿರುವ ಉಪಾಯ ಬಹು ಹಳೆಯದು: ಮಗುವನ್ನು ಹತ್ತಿರ ಕರೆದು, ನೀನು ಹೀಗೇಕೆ ಬರೆದೆ, ಸ್ವಲ್ಪ ಬಿಡಿಸಿ ಹೇಳಮ್ಮ ಎಂದು ಕೇಳುವುದು. ಗೃಹಪಾಠಕ್ಕೆ ಕೊಡುವ ಅಂಕಗಳನ್ನು ಇಳಿಸಿ, ತರಗತಿಯಲ್ಲಿಯೇ ಬರೆಯುವ ಬರಹಕ್ಕೂ ಬಾಯಿಮಾತಿನ ವಿವರಣೆಗೂ ಹೆಚ್ಚು ಸ್ಥಾನ ಕೊಟ್ಟರೆ ನಕಲಿನ ಆಕರ್ಷಣೆಯೇ ಕುಂದುತ್ತದೆ.

ಮಕ್ಕಳ ಹೆಸರು, ಜಾತಿ, ತಂದೆತಾಯಿಗಳ ಆದಾಯ, ಅಂಕಪಟ್ಟಿ, ಇವನ್ನು ಯಾವ ಉಪಾಧ್ಯಾಯರೂ ಯಂತ್ರಕ್ಕೆ ಊಡಿಸಕೂಡದು; ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷ ತುಂಬದವರನ್ನೆಲ್ಲ ಮಕ್ಕಳೆಂದು ಪರಿಗಣಿಸಿ ಪೋಷಕರ ಸಮ್ಮತಿಯನ್ನು ವಿಧಿಸಿದೆ. ಮಕ್ಕಳು ತಾವೇ ಬಳಸುವುದಾದರೆ 13 ವರ್ಷಕ್ಕಿಂತ ಮುಂಚೆ ಬೇಡವೆಂದು ಯುನೆಸ್ಕೋ 2023ರ ಸೆಪ್ಟೆಂಬರ್‌ನಲ್ಲಿ ಹೊರತಂದ ಮಾರ್ಗದರ್ಶಿಯಲ್ಲಿ ಸಲಹೆ ಮಾಡಿದೆ. ಪ್ರಾಥಮಿಕ ಶಾಲೆಯ ಮಟ್ಟಿಗೆ ಈ ಸಲಹೆಯನ್ನು ನಾನು ಪೂರ್ಣಮನಸ್ಸಿನಿಂದ ಒಪ್ಪುತ್ತೇನೆ.

ಹೊಸ ಸಾಧನವೊಂದು ತರಗತಿಯಲ್ಲಿ ಬೇರೂರುವುದು ಹೇಗೆಂಬುದಕ್ಕೆ ನಮ್ಮಲ್ಲಿಯೇ ಒಂದು ದೃಷ್ಟಾಂತವುಂಟು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಉಪಾಧ್ಯಾಯರು 1995ರಲ್ಲಿ ಆಂಧ್ರದ ರಿಷಿವ್ಯಾಲಿ ಶಾಲೆಯ ಬೋಧನಾ ಪದ್ಧತಿಯನ್ನು ಕಂಡುಬಂದು, ಯುನಿಸೆಫ್ ಸಂಸ್ಥೆಯ ನೆರವಿನೊಡನೆ, ತಮ್ಮ ಕಾಡಂಚಿನ ಶಾಲೆಗಳಿಗೆ ಹೊಂದುವ ಕಾರ್ಡುಗಳನ್ನೂ ಕಲಿಕಾ ಏಣಿಯನ್ನೂ ತಾವೇ ರೂಪಿಸಿಕೊಂಡದ್ದು ನಲಿ-ಕಲಿ ಎಂಬ ಕಲಿಕಾ ಪದ್ಧತಿಯ ಮೂಲ. ಮುಂದೆ ಅದು ಆದೇಶದ ರೂಪದಲ್ಲಿ ರಾಜ್ಯದ ಎಲ್ಲೆಡೆ ಹಬ್ಬಿದಾಗ ಮೊದಲಿನ ಉತ್ಸಾಹ ಎಲ್ಲ ಕಡೆಯೂ ಉಳಿಯಲಿಲ್ಲ. ತಾನು ಮಾಡಿದ ಕಾರ್ಡಿನ ಮೇಲಿರುವ ಮಮತೆ ಪಾರ್ಸಲಿನಲ್ಲಿ ಬಂದ ಕಾರ್ಡಿನ ಮೇಲೆ ಇರುವುದು ಹೇಗೆ? ಕೃತಕ ಬುದ್ಧಿಮತ್ತೆಯೂ ಸುತ್ತೋಲೆಯ ಮೂಲಕ ಇಳಿದುಬಂದಲ್ಲಿ ಇದೇ ಗತಿಯಾದೀತೆಂಬ ಆತಂಕ ನನ್ನದು.

ಆದ್ದರಿಂದ ನನ್ನ ಸಲಹೆ ಯಂತ್ರದಿಂದ ಆರಂಭವಾಗುವುದಿಲ್ಲ. ಕ್ಲಸ್ಟರ್ ಮಟ್ಟದಲ್ಲಿ ನಡೆಯುವ ಸಮಾಲೋಚನಾ ಸಭೆಗಳಲ್ಲಿ ಒಂದು ಗಂಟೆಯನ್ನು ಮೀಸಲಿರಿಸಿ, ಆ ತಿಂಗಳು ತಂತಮ್ಮ ತರಗತಿಗಳಲ್ಲಿ ಕಂಡ ತಪ್ಪುಗಳನ್ನು ಉಪಾಧ್ಯಾಯರು ಒಂದು ಪುಸ್ತಕದಲ್ಲಿ ಸಂಗ್ರಹಿಸತೊಡಗಲಿ: ಎಡಪುಟದಲ್ಲಿ ಮಗು ಬರೆದದ್ದು ಮತ್ತು ಮಗು ತನ್ನ ಮಾತಿನಲ್ಲಿ ಕೊಟ್ಟ ಕಾರಣ, ಬಲಪುಟದಲ್ಲಿ ಉಪಾಧ್ಯಾಯರು ಮುಂದೆ ಕೇಳಿದ ಪ್ರಶ್ನೆ. ತುರ್ಕಿಯ ಆ ಶಾಲೆಯಲ್ಲಿ ಯಂತ್ರವನ್ನು ನಿರಪಾಯಕರವಾಗಿ ಮಾಡಿದ್ದು ಇಂತಹ ಜ್ಞಾನವೇ. ಒಂದು ತಾಲ್ಲೂಕಿನ ಉಪಾಧ್ಯಾಯರು ಎರಡು ವರ್ಷ ಈ ಕೆಲಸ ಮಾಡಿದರೆ, ಕನ್ನಡದ ಮಕ್ಕಳ ತೊಡಕುಗಳನ್ನು ಕುರಿತು ಇಂದು ಎಲ್ಲಿಯೂ ದೊರೆಯದ ಗ್ರಂಥವೊಂದು ಕನ್ನಡದಲ್ಲಿಯೇ ಸಿದ್ಧವಾಗುತ್ತದೆ. ಬೇಕಾದಾಗ ಅದನ್ನು ಯಂತ್ರದ ಮುಂದಿರಿಸಿ ಲೆಕ್ಕಗಳನ್ನೂ ಸುಳಿವುಗಳನ್ನೂ ಬರೆಸಿಕೊಳ್ಳಬಹುದು, ಯಂತ್ರ ಬದಲಾದರೂ ಅದರ ಶುಲ್ಕ ಏರಿದರೂ ಪುಸ್ತಕ ಶಾಲೆಯಲ್ಲಿಯೇ ಉಳಿಯುತ್ತದೆ. ಭಿನ್ನರಾಶಿಯಿಂದ ತೊಡಗುವುದು ಲೇಸು. ಅರ್ಧಕ್ಕೆ ಮೂರನೇ ಒಂದನ್ನು ಕೂಡಿ ಐದನೇ ಎರಡು ಎಂದು ಬರೆಯುವ ಮಗುವನ್ನು ಕಾಣದ ಶಾಲೆಯಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಹಿಡಿದ ಆ ತೊಡಕು ಎಸ್‌ಎಸ್‌ಎಲ್‌ಸಿಯವರೆಗೂ ಎಷ್ಟೋ ಮಕ್ಕಳ ಬೆನ್ನು ಬಿಡುವುದಿಲ್ಲ.